ಟೈಲರಕ್ಕ ಶಾಲೆ ಹುಡುಕಿದ್ದು

ಹದಿನೆಂಟು ವರ್ಷ ಹೊಲಿಗೆ ಯಂತ್ರ ತುಳಿದ ಟೈಲರಕ್ಕನಿಗೆ ನಲವತ್ತೆರಡನೇ ವಯಸ್ಸಿನಲ್ಲಿ ಮತ್ತೆ ಪಾಠ ಕಲಿಯುವ ಹುಚ್ಚು ಹಿಡಿಯಿತು. ರೋಗಿಯನ್ನು ನೋಡಿದ ಮೇಲೆ ವೈದ್ಯರು ಮಾತಾಡಿ ರೆಕಾರ್ಡ್ ಮಾಡಿದ್ದನ್ನು ಕೇಳುತ್ತ ಟೈಪ್ ಮಾಡುವ ಕೆಲಸ, ಮೆಡಿಕಲ್ ಟ್ರಾನ್ಸ್‌ಕ್ರಿಪ್ಷನ್. ಟೈಪಿಂಗು ಮದುವೆಗೆ ಮುಂಚೆಯೇ ಬರುತ್ತಿತ್ತು. ಅವಳು ಹೊಲಿಯುತ್ತಿದ್ದ ಅಂಗಡಿ ಮುಚ್ಚಿತ್ತು, ಮನೆಯಲ್ಲಿ ಆರು ತಿಂಗಳ ಬಿಡುವು ಕೊಟ್ಟಿದ್ದರು. ಅಷ್ಟರಲ್ಲಿ ಕೆಲಸ ಕೈಗೆ ಹತ್ತದಿದ್ದರೆ ಗಾರ್ಮೆಂಟ್ ಕಾರ್ಖಾನೆಯಲ್ಲಿ ದಿನವಿಡೀ ಕಾಲರ್ ಹೊಲಿಯುವುದೇ ಗತಿ. ತಪ್ಪು ಶಾಲೆ ಸೇರಿದರೆ ಎರಡನೇ ಸಲದ ಮಾತೇ ಇಲ್ಲ.

ಶಾಲೆ ನೋಡಲು ಅತ್ತೆಯೂ ಹೊರಟರು. "ನೀನೋ ಬಾಯಿಲ್ಲದವಳು. ಕೇಳಬೇಕಾದ್ದನ್ನೆಲ್ಲ ನಾನು ಕೇಳ್ತೀನಿ" ಎಂದರು. ಆ ಬಾಯಿಗೆ ಬೀಗ ಹಾಕುವವರು ಇನ್ನೂ ಹುಟ್ಟಿಲ್ಲ.

ಮೊದಲನೆಯ ಶಾಲೆಗೆ ಗಾಜಿನ ಬಾಗಿಲು, ಒಳಗೆ ತಣ್ಣನೆ ಗಾಳಿ. ಕೌಂಟರಿನ ಹುಡುಗಿ ಮೂರೇ ತಿಂಗಳಿಗೆ ಸರ್ಟಿಫಿಕೇಟು, ಕೆಲಸ ಗ್ಯಾರಂಟಿ ಎಂದಳು. ಪರೀಕ್ಷೆಗೆಂದು ಕೊಟ್ಟ ಹೆಡ್‌ಫೋನಿನಲ್ಲಿ ಬಂದದ್ದು ಮಕ್ಕಳಿಗೆ ಕಥೆ ಹೇಳುವಷ್ಟು ನಿಧಾನದ ದನಿ. ಟೈಲರಕ್ಕ ಒಂದೂ ತಪ್ಪಿಲ್ಲದೆ ಟೈಪ್ ಮಾಡಿ ಉಬ್ಬಿಹೋದಳು.

"ಇದು ಯಾವ ಡಾಕ್ಟ್ರು?" ಹೆಡ್‌ಫೋನನ್ನು ತಮ್ಮ ಕಿವಿಗೂ ಇಟ್ಟುಕೊಂಡು ಅತ್ತೆ ಕೇಳಿದರು.

"ಡಾಕ್ಟ್ರಲ್ಲ ಅಮ್ಮ, ನಮ್ಮ ಮೇಡಂ ಓದಿರೋದು."

"ಅದೇ ಅಂದ್ಕೊಂಡೆ. ನನ್ನ ಮಂಡಿ ನೋಡೋ ಡಾಕ್ಟ್ರು ಬಾಯಿ ಬಿಟ್ರೆ ರೈಲು ಓಡಿದ ಹಾಗಿರುತ್ತೆ."

ಹೊರಗೆ ಬಂದ ಮೇಲೆ "ಬೆಳ್ಳಗಿರೋದೆಲ್ಲ ಹಾಲಲ್ಲ ಕಣೇ" ಎಂದೂ ಸೇರಿಸಿದರು. ಟೈಲರಕ್ಕನಿಗೆ ಸಿಟ್ಟು ಬಂತು. ಅವಳಿಗೆ ಆ ಶಾಲೆ ನಿಜಕ್ಕೂ ಹಿಡಿಸಿತ್ತು.

ಎರಡನೆಯದು ಹಾರ್ಡ್‌ವೇರ್ ಅಂಗಡಿಯ ಮಹಡಿ. ಎಂಟು ಕಂಪ್ಯೂಟರು, ಒಂದೇ ಫ್ಯಾನು. ಇಪ್ಪತ್ತು ವರ್ಷ ಇದೇ ಕೆಲಸ ಮಾಡಿದ ಮೇಡಂ ಅಂದು ಬಂದಿದ್ದ ನಾಲ್ವರಿಗೂ ಪರೀಕ್ಷೆ ಇಟ್ಟರು. ಮೇಜಿನ ಕೆಳಗೊಂದು ಪೆಡಲ್. ಒತ್ತಿ ಹಿಡಿದರೆ ದನಿ ಬರುತ್ತದೆ, ಬಿಟ್ಟರೆ ನಿಲ್ಲುತ್ತದೆ. ಟೈಲರಕ್ಕನ ಕಾಲು ಕೇಳಬೇಕಲ್ಲ! ಅಭ್ಯಾಸಬಲದಿಂದ ಟಕಟಕ ತುಳಿಯತೊಡಗಿತು. ಪಾಪ, ವೈದ್ಯರು ತೊದಲತೊಡಗಿದರು.

"ಹೊಲಿಗೆ ಕಾಲಾ? ಒಂದು ವಾರಕ್ಕೆ ಸರಿಹೋಗುತ್ತೆ ಬಿಡಿ" ಎಂದು ಮೇಡಂ ನಕ್ಕರು.

ಕಾಲನ್ನು ಹತೋಟಿಗೆ ತಂದುಕೊಂಡು ಕೇಳಿದರೆ, ವೈದ್ಯರು ಏನೋ ಅಗಿಯುತ್ತ ಮಾತಾಡುತ್ತಿದ್ದಾರೆ, ಹಿಂದೆ ಯಾರೋ ಕುರ್ಚಿ ಎಳೆಯುತ್ತಿದ್ದಾರೆ. ಒಂದು ಔಷಧಿಯ ಹೆಸರು, ಅದರ ಪ್ರಮಾಣ, ಹತ್ತು ಸಲ ಕೇಳಿದರೂ ತಿಳಿಯಲಿಲ್ಲ. ಉಳಿದ ಮೂವರು ಹಾಳೆ ತುಂಬಿಸಿ ಎದ್ದರು. ಟೈಲರಕ್ಕ ಆ ಎರಡು ಜಾಗ ಖಾಲಿ ಬಿಟ್ಟು ತಲೆ ತಗ್ಗಿಸಿ ಕೊಟ್ಟಳು.

"ಇದನ್ನ ಯಾಕೆ ಬಿಟ್ರಿ?"

"ಕೇಳಿಸ್ಲಿಲ್ಲ ಮೇಡಂ. ಬಟ್ಟೆ ಆದ್ರೆ ಅಂದಾಜಿನ ಮೇಲೆ ಕತ್ತರಿಸಿ ಬೈಸಿಕೋಬಹುದು. ಇದು ಯಾರೋ ನುಂಗೋ ಮಾತ್ರೆ."

ಮೇಡಂ ಹಾಳೆಯನ್ನು ಬೇರೆಯಾಗಿ ಎತ್ತಿಟ್ಟರು. "ಅದು ನನಗೂ ಇವತ್ತಿಗೂ ಕೇಳಿಸಿಲ್ಲಮ್ಮ. ಖಾಲಿ ಬಿಟ್ಟು ಗುರುತು ಹಾಕಿದ್ರೆ ಡಾಕ್ಟ್ರೇ ತುಂಬಿಸ್ತಾರೆ. ಹಾಗೆ ಬಿಡೋದನ್ನ ಕಲಿಸೋದೇ ಕಷ್ಟ. ಮಿಕ್ಕಿದ್ದಕ್ಕೆ ಐದು ತಿಂಗಳು ಸಾಕು."

ಟೈಲರಕ್ಕ ತಗ್ಗಿಸಿದ ತಲೆ ಎತ್ತಿದಳು. ಅತ್ತೆ ಮಾತ್ರ ಅಷ್ಟಕ್ಕೇ ಬಿಡಲಿಲ್ಲ.

"ಎಲ್ಲ ಸರಿ. ಆಮೇಲೆ ಕೆಲಸ ಗ್ಯಾರಂಟಿನಾ?"

"ಸುಮಾರು ಜನಕ್ಕೆ ಸಿಕ್ಕಿದೆ. ಇವರಿಗೆ ಸಿಗುತ್ತಾ? ಗೊತ್ತಿಲ್ಲಮ್ಮ."

ಅತ್ತೆ ಸೊಸೆಯ ಮುಖ ನೋಡಿದರು. ಬಾಯಿಲ್ಲದ ಸೊಸೆ ಆಗಲೇ ಕೈ ಚಾಚಿದ್ದಳು.

"ಅರ್ಜಿ ಕೊಡಿ ಮೇಡಂ, ಇಲ್ಲೇ ಸೇರ್ತೀನಿ."