ನಾಟಕದ ದಪ್ಪಕ್ಷರ

ರಜಾಕಾರರ ಗದ್ದಲದ ವರ್ಷ ನಾನು ಜೇವರ್ಗಿಯ ಸಣ್ಣ ಛಾಪಖಾನೆಯೊಂದರಲ್ಲಿ ಅಚ್ಚುಮೊಳೆ ಜೋಡಿಸುತ್ತಿದ್ದೆ. ನೆಲೋಗಿಯ ಹೆಣ್ಣುಮಗಳೊಬ್ಬಳು ಬಂದು, ಕಾಣೆಯಾದ ಗಂಡನ ಹೆಸರು ಹಾಕಿ ‘ಮನೆಗೆ ಬರ್ರಿ’ ಅಂತ ಅಚ್ಚು ಮಾಡಿಕೊಡಿ ಎಂದಳು. ತಲೆಗೂ ಕಾಲಿಗೂ ಕೊಕ್ಕೆಯಿದ್ದ, ಹೊಟ್ಟೆ ಉಬ್ಬಿದ ಹಳೇ ಕಟ್ಟಿಗೆಯ ಅಚ್ಚಕ್ಷರಗಳನ್ನೇ ತೋರಿಸಿದಳು.

ನನಗೆ ರೇಗಿತು. “ಅವು ನಾಟಕದ ಜಾಹೀರಾತಿನ ಅಕ್ಷರ, ತಂಗಿ. ದುಃಖದ ಸುದ್ದಿಗೆ ಸಣ್ಣವು ಹಾಕ್ತೇವಿ.”

“ಅವರಿಗೆ ಕಣ್ಣು ಮಂಜ ಅದಾವ್ರಿ. ನಾಟಕದ ಹಾಳಿ ಅಷ್ಟ ಓದ್ತಾರ್ರಿ.”

ಹಾಕಿಕೊಟ್ಟೆ. ಸಂತೆಯ ಗೋಡೆಗೆ ಹಚ್ಚಿದ್ದೇ ತಡ, ಓದು ಬಾರದ ಮಂದಿ ಆ ಕೊಕ್ಕೆ ನೋಡಿಯೇ ನೆರೆದರು. ಕೆಳಗೆ ಕೂತಿದ್ದ ಅವಳನ್ನು ಒಬ್ಬ ಕೇಳಿದ: “ಆಟ ಯಾವಾಗವ್ವಾ?”

“ಅವರು ಬಂದ ಮ್ಯಾಲ್ರಿ,” ಅಂದಳು.

ಆಮೇಲೆ ನಾಟಕ ಕಂಪನಿಗಳು ಎಷ್ಟೋ ಬಂದು ಹೋದವು. ಆ ಆಟ ಮಾತ್ರ ಶುರುವಾಗಲೇ ಇಲ್ಲ.