ಸೀತವ್ವನ ಬಾತುಕೋಳಿಗಳಿಗೆ ಬಂದ ಹುಕುಂ

ಬಾತುಕೋಳಿ ಮೊಟ್ಟೆ ಇಡದಿದ್ದರೆ ತಪ್ಪು ಯಾರದು? ಬಾತುಕೋಳಿಯದೇ ಎಂದು ಸಣ್ಣ ಮಕ್ಕಳೂ ಹೇಳಿಯಾವು. ಆದರೆ ರಾಮದುರ್ಗದ ಸಾವಕಾರರ ವಾಡೆಯ ಕಾರಭಾರಿ ಹಣಮಂತಪ್ಪನ ನ್ಯಾಯವೇ ಬೇರೆ. ತಪ್ಪು ಸೀತವ್ವನದು, ಅವಳು ಕಳ್ಳಿ ಎಂದು ಆತ ಎಲೆ ಅಡಿಕೆ ಮೆಲ್ಲುತ್ತ ಕೂತಲ್ಲೇ ತೀರ್ಪು ಕೊಟ್ಟುಬಿಟ್ಟ.

ಸೀತವ್ವ ಊರ ಹೊರಗಿನ ಕೇರಿಯವಳು. ಅವಳ ಗುಡಿಸಲು ಇದ್ದದ್ದು ಮಲಪ್ರಭೆಯ ದಂಡೆಗೆ ಹತ್ತಿ. ಗಂಡ ಶಂಕ್ರೆಪ್ಪ ಬೆಳಗಾವಿಯ ಕ್ಯಾಂಪಿನಲ್ಲಿ ಯಾವನೋ ಸಾಹೇಬನ ಬಂಗಲೆಯ ಕಸ ಹೊಡೆಯುತ್ತಿದ್ದ. ಊರಿಗೆ ಮರಳುವಾಗ ಬುಟ್ಟಿಯಲ್ಲಿ ಒಂದು ಜೋಡಿ ಬಾತುಕೋಳಿ ತಂದ. ಪ್ಲೇಗು ಬಂದ ವರ್ಷ ಅವನು ಹೋದ, ಹಕ್ಕಿಗಳು ಉಳಿದವು. ಒಂದಕ್ಕೆ ಹತ್ತಾಗಿ ಈಗ ಹತ್ತು ಹೆಣ್ಣು, ಒಂದು ಗಂಡು. ಮಕ್ಕಳಿಲ್ಲದ ಸೀತವ್ವ ಅವುಗಳಿಗೆ ನುಚ್ಚು ಹಾಕುತ್ತ, ಬಾಯಿಗೆ ಬಂದಂತೆ ಬೈಯುತ್ತ, ಯಾರ ಮುಂದೆಯೂ ಕೈಯೊಡ್ಡದೆ ಎಂಟು ವರ್ಷ ಬದುಕಿದ್ದಳು. ಹಕ್ಕಿಗಳು ಹೋದರೆ ಮತ್ತೆ ವಾಡೆಯ ಹಿತ್ತಿಲಲ್ಲಿ ನಿಂತು ಉಳಿದ ರೊಟ್ಟಿಗೆ ಸೆರಗೊಡ್ಡಬೇಕು. ಗಂಡ ಸತ್ತ ಹೊಸದರಲ್ಲಿ ಆರು ತಿಂಗಳು ಹಾಗೆ ನಿಂತಿದ್ದಳು. ಇನ್ನೊಮ್ಮೆ ನಿಲ್ಲುವುದಕ್ಕಿಂತ ಹೊಳೆಗೆ ಹಾರುವುದೇ ಲೇಸೆಂದು ಅವಳಿಗೆ ಅನ್ನಿಸಿತ್ತು.

ಆ ವರ್ಷ ವಾಡೆಯಲ್ಲಿ ಹೊಸ ಪಡಸಾಲೆ ಏಳುತ್ತಿತ್ತು. ಗಚ್ಚಿನ ಮೇಸ್ತ್ರಿ ಲಕ್ಕಪ್ಪ ಸುಣ್ಣ ಅರೆಸಿ, ಬೆಲ್ಲದ ನೀರು ಬೆರೆಸಿ, ಕಡೆಯ ತೆಳು ಪದರಿಗೆ ಮೊಟ್ಟೆಯ ಬಿಳಿ ಕಲಸುತ್ತಿದ್ದ. ಗೋಡೆ ಮುಖ ಕಾಣುವಷ್ಟು ಹೊಳೆಯಬೇಕಲ್ಲ! ದಿನಾ ಸೀತವ್ವನ ಗೂಡಿನಿಂದ ಎಂಟೋ ಹತ್ತೋ ಮೊಟ್ಟೆ ಹೋಗುತ್ತಿದ್ದವು, ಬದಲಿಗೆ ಜೋಳ ಬರುತ್ತಿತ್ತು. ಮೊಟ್ಟೆಯ ಹೆಸರು ಹೇಳಿದರೆ ಬಾಯಿ ತೊಳೆದುಕೊಳ್ಳುವ ಮನೆ ಅದು. ಗೋಡೆಯೊಳಗೆ ಏನು ಸೇರುತ್ತಿದೆ ಎಂದು ಎಲ್ಲರಿಗೂ ಗೊತ್ತು, ಯಾರೂ ಬಾಯಿ ಬಿಡುವುದಿಲ್ಲ. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿಯುವುದು ಅಂದರೆ ಇದೇ.

ನವರಾತ್ರಿ ಬಂತು. ಹೊಳೆಯ ಮೆಟ್ಟಿಲಿಗೆ ಮಡಿನೀರು ಒಯ್ಯಲು ಬರುವ ಹೆಂಗಸರ ಕಣ್ಣಿಗೆ ಕೇರಿಯ ಹಕ್ಕಿಗಳು ಬೀಳಬಾರದೆಂದು ಹಣಮಂತಪ್ಪ ಹುಕುಂ ಕೊಟ್ಟ. ಹೊತ್ತು ಹುಟ್ಟುವ ಮೊದಲೇ ಸೀತವ್ವ ಬಾತುಕೋಳಿಗಳನ್ನು ನೀರಿಗೆ ಬಿಡಬೇಕು, ಬೆಳಕು ಹರಿಯುವಷ್ಟರಲ್ಲಿ ತಿರುಗಿ ಹೊಡೆದುಕೊಂಡು ಹೋಗಬೇಕು. ಬಾತುಕೋಳಿಗೇನು ಗೊತ್ತು ಮಡಿ ಮೈಲಿಗೆ! ಸೀತವ್ವನಿಗೆ ಗೊತ್ತಿತ್ತು. ಮರುದಿನದಿಂದಲೇ ಕೋಳಿ ಕೂಗುವ ಹೊತ್ತಿಗೆ ಗೂಡು ತೆರೆದಳು.

ನಾಲ್ಕು ದಿನಕ್ಕೆ ಮೊಟ್ಟೆ ಅರ್ಧಕ್ಕಿಳಿದವು. ಹಬ್ಬ ಮುಗಿದರೂ ಹುಕುಂ ಮುಗಿಯಲಿಲ್ಲ, ದೀಪಾವಳಿಯ ಹೊತ್ತಿಗೆ ಗೂಡಿನ ಹುಲ್ಲಿನಲ್ಲಿ ಒಂದು ಕಂಡರೆ ಹೆಚ್ಚು. ಸೀತವ್ವ ಮೇವು ಬದಲಿಸಿದಳು. ಕೆಸರು ಕೆದರಿ ಬಸವನಹುಳು ಆರಿಸಿ ತಂದು ಹಾಕಿದಳು. ಹಾವು ಬಂತೇನೋ ಎಂದು ಗೂಡಿನ ಸುತ್ತ ಬೂದಿ ಚೆಲ್ಲಿ ನೋಡಿದಳು, ಗೆರೆಯೂ ಮೂಡಲಿಲ್ಲ. ಪಕ್ಕದ ಗುಡಿಸಲಿನ ರಾಮವ್ವ ಬಂದು, "ಎವ್ವಾ, ಇದು ಕಣ್ಣ ಬಿದ್ದದ್ದು. ಉಪ್ಪು ಮೆಣಸಿನಕಾಯಿ ನಿವಾಳಿಸಿ ಒಗಿ" ಅಂದಳು. ಅದೂ ಆಯಿತು. ಎಲ್ಲಮ್ಮನಿಗೆ ಹರಕೆ ಹೊತ್ತದ್ದೂ ಆಯಿತು. ತನ್ನ ಕೈಯೇ ಕೆಟ್ಟದ್ದೆಂದು ಮೂರು ದಿನ ರಾಮವ್ವನ ಕೈಯಿಂದ ನುಚ್ಚು ಹಾಕಿಸಿದಳು. ನೋಡಿ, ಜಗತ್ತಿನಲ್ಲಿದ್ದ ತಪ್ಪನ್ನೆಲ್ಲ ತನ್ನೊಳಗೇ ಹುಡುಕಿದಳು. ದೊಡ್ಡವರ ಹುಕುಮಿನಲ್ಲಿ ತಪ್ಪಿರಬಹುದೆಂದು ಮಾತ್ರ ಅವಳಿಗೆ ಹೊಳೆಯಲೇ ಇಲ್ಲ. ಹಾಗೆ ಹೊಳೆಯದಂತೆ ತಲೆತಲೆಮಾರಿನಿಂದ ಬಡಿದು ಕಲಿಸಿದ್ದರಲ್ಲ.

ಹಣಮಂತಪ್ಪ ಕರೆಸಿದ. ಅಂಗಳದ ಹೊರಗೆ ನಿಲ್ಲಿಸಿ, "ತತ್ತಿ ಯಾರಿಗೆ ಮಾರಾಕ ಹತ್ತೀಯ, ಕಳ್ಳಿ?" ಅಂದ.

"ಯಲ್ಲವ್ವನ ಆಣಿ ಧಣಿ, ಹಕ್ಕಿ ಇಡವಲ್ಲವು."

"ಇಡಲಾರದ ಹಕ್ಕಿ ನಿನಗ್ಯಾಕ? ಬರೂ ಸೋಮವಾರದೊಳಗ ತತ್ತಿ ಬರಲಿಲ್ಲಂದ್ರ ಎಲ್ಲಾ ಜಪ್ತಿ ಮಾಡಿ ಸಂತಿಗೆ ಒಯ್ಯತೇನಿ."

ಪಕ್ಕದಲ್ಲಿ ನಿಂತಿದ್ದ ಮೇಸ್ತ್ರಿ ಲಕ್ಕಪ್ಪ ನೆಲ ನೋಡಿದ. ಅವಳು ಸುಳ್ಳು ಹೇಳುವವಳಲ್ಲ ಎಂದು ಅವನಿಗೆ ಗೊತ್ತಿತ್ತು. ಗೊತ್ತಿದ್ದೂ ಸುಣ್ಣ ಕಲಸಲು ಒಳಗೆ ನಡೆದ.

ಮರುದಿನ ಕತ್ತಲಲ್ಲಿ ಗೂಡು ತೆರೆಯುವಾಗ ಸೀತವ್ವ ಒಂದೊಂದೇ ಬಾತುಕೋಳಿಯನ್ನು ಎತ್ತಿ ಬಾಲದ ಕೆಳಗೆ ಒತ್ತಿ ನೋಡಿದಳು. ಗಟ್ಟಿ, ದುಂಡಗೆ, ಕೈಗೆ ಸಿಕ್ಕಿತು! ಹತ್ತರಲ್ಲಿ ಒಂಬತ್ತರ ಹೊಟ್ಟೆಯಲ್ಲಿ ಮೊಟ್ಟೆ ಇತ್ತು. ಹೊಳೆಯಿಂದ ತಂದ ಮೇಲೆ ಮತ್ತೆ ಒತ್ತಿದಳು, ಎಲ್ಲವೂ ಖಾಲಿ. ಓಡಿಹೋಗಿ ಮೊಣಕಾಲುದ್ದ ನೀರಿಗಿಳಿದಳು. ಕಾರ್ತಿಕದ ತಿಳಿ ನೀರು. ತಳದ ಉಸುಕಿನಲ್ಲಿ ಅಲ್ಲೊಂದು ಇಲ್ಲೊಂದು ಬೆಳ್ಳಗೆ ಮೊಟ್ಟೆ ಬಿದ್ದಿದ್ದವು, ಹಳೆಯವನ್ನು ಆಮೆಗಳು ಒಡೆದು ತಿಂದಿದ್ದವು. ಮೊದಲೆಲ್ಲ ಹೊತ್ತು ಏರಿದ ಮೇಲೆ ಗೂಡು ತೆರೆಯುತ್ತಿದ್ದಳು. ಅಷ್ಟರಲ್ಲಿ ಅವು ಹುಲ್ಲಿನಲ್ಲಿ ಇಟ್ಟು ಮುಗಿಸಿರುತ್ತಿದ್ದವು. ಈಗ ಇಡುವ ಹೊತ್ತಿಗೇ ಅವುಗಳನ್ನು ನೀರಿಗೆ ಅಟ್ಟುತ್ತಿದ್ದದ್ದು ಹಣಮಂತಪ್ಪನ ಹುಕುಂ. ಮೊಟ್ಟೆ ನುಂಗಿದ ಹುಕುಮಿಗೆ ಶಿಕ್ಷೆಯಿಲ್ಲ, ಹುಕುಂ ಪಾಲಿಸಿದವಳು ಕಳ್ಳಿ!

ಬಡವನ ಸಿಟ್ಟು ದವಡೆಗೆ ಮೂಲ ಅನ್ನುತ್ತಾರೆ. ಸೀತವ್ವನಿಗೆ ಅಂದು ದವಡೆಯ ಚಿಂತೆ ಉಳಿಯಲಿಲ್ಲ.

ಸೋಮವಾರ ಅವಳು ಗೂಡಿನ ಬಾಗಿಲಿಗೆ ಕಲ್ಲು ಒರಗಿಸಿ ಕೂತಳು. ಒಳಗೆ ಹಕ್ಕಿಗಳು ಕೂಗಿ ಕೂಗಿ ಕೇರಿ ಎಬ್ಬಿಸಿದವು. ಬಿಸಿಲು ಮಾರುದ್ದ ಏರಿದ ಮೇಲೆ ತೆರೆದಳು. ಹುಲ್ಲಿನಲ್ಲಿ ಒಂಬತ್ತು ಮೊಟ್ಟೆ. ಅವನ್ನು ಉಡಿಯಲ್ಲಿ ಕಟ್ಟಿಕೊಂಡು, ಹಕ್ಕಿಗಳನ್ನು ಹೊಡೆದುಕೊಂಡು, ಹಾಡಹಗಲೇ ರಾಜಾರೋಷವಾಗಿ ಮೆಟ್ಟಿಲ ಕಡೆ ನಡೆದಳು. ಹೆಂಗಸರು ಕೊಡ ತುಂಬುತ್ತಿದ್ದರು. ಕಾರ್ತಿಕ ಸೋಮವಾರದ ಪೂಜೆಗೆ ಹಣಮಂತಪ್ಪನೂ ಇಬ್ಬರು ಆಳುಗಳೂ ಮಿಂದು, ಒದ್ದೆ ಮಡಿಯಲ್ಲಿ ಕೊಡ ಹೊತ್ತು ನಿಂತಿದ್ದರು.

"ಏ! ಹಕ್ಕಿ ಹೊಡಿ ಅತ್ಲಾಗ!" ಎಂದು ಹಣಮಂತಪ್ಪ ಕೂಗಿದ.

"ಹೊಡಿಯಂಗಿಲ್ಲ ಧಣಿ. ತತ್ತಿ ಬೇಕಂದ್ರಿ, ತಂದೇನಿ ನೋಡ್ರಿ" ಎಂದು ಉಡಿ ಬಿಚ್ಚಿ ತೋರಿಸಿದಳು. "ನಸಿಕಿನ್ಯಾಗ ನೀರಿಗೆ ಬಿಡು ಅಂದವರು ನೀವು, ತತ್ತಿ ನೀರಪಾಲಾತು. ಕಳ್ಳಿ ನಾ ಆದ್ನಿ. ನನ್ನ ಹಕ್ಕೀ ತತ್ತಿ ನಿಮ್ಮ ಗ್ವಾಡಿಗೆ ಆಗತೈತಿ, ನನ್ನ ಹಕ್ಕಿ ಹೊಳಿಗೆ ಆಗಂಗಿಲ್ಲೇನ್ರಿ?"

ಹೆಂಗಸರ ಕೈಯ ಕೊಡಗಳು ನೀರಲ್ಲೇ ನಿಂತವು. ಗೋಡೆಯ ಗುಟ್ಟು ಹೊಳೆಯ ದಂಡೆಯಲ್ಲಿ ಹೀಗೆ ಬಯಲಾದದ್ದು ಅದೇ ಮೊದಲು.

"ಹಿಡೀರಲೇ ಹಕ್ಕೀನ!" ಎಂದು ಹಣಮಂತಪ್ಪ ಆಳುಗಳಿಗೆ ಚೀರಿದ. ಆಳುಗಳು ತಮ್ಮ ಒದ್ದೆ ಧೋತರ ನೋಡಿಕೊಂಡರು, ತಲೆಯ ಮೇಲಿನ ದೇವರ ನೀರು ನೆನೆದರು, ಅಲುಗಲಿಲ್ಲ.

"ಅವರಿಗ್ಯಾಕ ಹೇಳ್ತೀರಿ?" ಸೀತವ್ವ ಒಂದು ಮೆಟ್ಟಿಲು ಮುಂದೆ ಬಂದಳು. "ಜಪ್ತಿ ಮಾಡಾವ್ರು ನೀವು. ಬರ್ರಿ, ನೀವ ಮುಟ್ಟಿ ಹಿಡೀರಿ."

ಅಷ್ಟರಲ್ಲಿ ಒಂದು ಬಾತುಕೋಳಿ ಮೆಟ್ಟಿಲು ಹತ್ತಿ, ಮೈ ಕೊಡವಿ, ನೆಟ್ಟಗೆ ಅವನ ಕಡೆಗೇ ಓಲಾಡುತ್ತ ನಡೆಯಿತು. ಹಣಮಂತಪ್ಪ ಒಂದು ಹೆಜ್ಜೆ ಹಿಂದೆ ಸರಿದ. ಮತ್ತೊಂದು ಸರಿದ. ಜಪ್ತಿ ಮಾಡುತ್ತೇನೆಂದವನು ಒಂದು ಹಕ್ಕಿಗೆ ದಾರಿ ಬಿಟ್ಟು, ಬೈಯುತ್ತ ಮೇಲೆ ಹತ್ತಿ ಹೋದ.

ಹಕ್ಕಿ ಹಿಡಿಯಲು ಆಮೇಲೆ ಯಾರೂ ಬರಲಿಲ್ಲ. ಮರುದಿನ ಮೊಟ್ಟೆಗೆ ಬಂದ ಲಕ್ಕಪ್ಪ ಹೊತ್ತು ಏರುವ ತನಕ ಗೂಡಿನ ಮುಂದೆ ಕೂತು ಕಾದ. ಸೀತವ್ವ ಇನ್ನೂ ಇಪ್ಪತ್ತು ವರ್ಷ ಬಾತುಕೋಳಿ ಸಾಕಿದಳು. ಮುಪ್ಪಿನಲ್ಲಿ ಯಾರಾದರೂ ಆ ಸೋಮವಾರದ ಮಾತೆತ್ತಿ ನಕ್ಕು, "ಗೆದ್ದಿ ಬಿಡಬೇ ಆಯಿ" ಅಂದರೆ ಅವಳ ಮುಖ ಕೆಂಪಗಾಗುತ್ತಿತ್ತು.

"ಎಲ್ಲಿ ಗೆದ್ನೋ? ಹಕ್ಕಿ ಉಳದ್ವು, ಖರೆ. ನಾಕು ಮಂದ್ಯಾಗ ಕಳ್ಳಿ ಅಂದ ಬಾಯಿ ಒಮ್ಮೆರೆ ತಪ್ಪಾತು ಅಂದೈತೇನು?"