ಹತ್ತು ಮಾತಿನ ಮೇಷ್ಟ್ರು

ಸಂಕ್ರಾಂತಿಗೆಂದು ನನ್ನ ಹೆಂಡತಿ ಸ್ಕೋಕಿಯ ಅಂಗಡಿಯಿಂದ ಎರಡು ಜಲ್ಲೆ ಕಬ್ಬು ತಂದಿದ್ದಳು. ಹೊರಗೆ ಅಮೆರಿಕದ ಜನವರಿ, ಐದು ಡಿಗ್ರಿ ಫ್ಯಾರನ್‌ಹೀಟ್, ನೀರು ಕಲ್ಲಾಗುವ ಚಳಿ. ವುಡ್‌ರಿಡ್ಜ್‌ನ ನಮ್ಮ ಮನೆ ತಲುಪುವಷ್ಟರಲ್ಲಿ ಕಬ್ಬು ಸಲಾಕೆಯ ಹಾಗೆ ಸೆಟೆದುಕೊಂಡಿತ್ತು. ಎಳ್ಳುಬೆಲ್ಲದ ಜೊತೆ ಕೊಡಲು ತುಂಡು ಮಾಡಿ ಎಂದು ಚಾಕು ನನ್ನ ಕೈಗಿಟ್ಟಳು. ಗೆಣ್ಣಿನ ಮೇಲೆ ಚಾಕು ಇಳಿಯುತ್ತಿದ್ದಂತೆ ಆ ಹಸಿ ಸಿಹಿ ವಾಸನೆ ಮೂಗಿಗೆ ಬಂತು... ನಾನು ಕೆಲಸ ಮರೆತು ನಿಂತುಬಿಟ್ಟೆ.

“ಏನ್ರೀ, ಕಬ್ಬು ಹಿಡ್ಕೊಂಡು ಧ್ಯಾನ ಮಾಡ್ತಿದೀರಾ? ಸಂಜೆ ಜನ ಬರ್ತಾರೆ.”

“ಮೇಷ್ಟ್ರು ನೆನಪಾದ್ರು ಕಣೇ” ಅಂದೆ. ಅವಳು ಇನ್ನೊಂದು ಚಾಕು ತಂದು ಪಕ್ಕದಲ್ಲಿ ಕೂತಳು. ನಮ್ಮ ಮನೆಯಲ್ಲಿ ಮೇಷ್ಟ್ರು ಎಂದರೆ ಒಬ್ಬರೇ. ಆಫ್ರಿಕಾದ ಮಲಾವಿಯ ಒಂದು ಹಳ್ಳಿ ಶಾಲೆಯಲ್ಲಿ ಗಣಿತ ಹೇಳಿಕೊಡುತ್ತಿದ್ದವರು.

ನಾನು ಎಲ್ಕ್ ಗ್ರೋವ್ ವಿಲೇಜ್‌ನ ಕಾರ್ಖಾನೆಯೊಂದರಲ್ಲಿ ಕ್ವಾಲಿಟಿ ಇನ್‌ಸ್ಪೆಕ್ಟರ್ ಆಗಿದ್ದವನು. ಬೇರೆಯವರ ತಪ್ಪು ಹುಡುಕುವುದೇ ಕೆಲಸ. ಕೆಲಸದಿಂದ ರಿಟೈರ್ ಆದರೂ ಚಾಳಿ ರಿಟೈರ್ ಆಗಲಿಲ್ಲ. ಮನೆಯಲ್ಲಿ ಕೂತು ದೋಸೆಯ ದಪ್ಪ, ಚಟ್ನಿಯ ಉಪ್ಪು ಎಲ್ಲವನ್ನೂ ತಪಾಸಣೆ ಮಾಡತೊಡಗಿದೆ. ಎರಡು ತಿಂಗಳು ಸಹಿಸಿಕೊಂಡ ಹೆಂಡತಿ, “ಎಲ್ಲಿಗಾದ್ರೂ ಹೋಗಿ ಯಾರಿಗಾದ್ರೂ ಉಪಯೋಗ ಆಗಿ” ಎಂದಳು. ಸ್ವಯಂಸೇವಕರನ್ನು ಕಳಿಸುವ ಸಂಸ್ಥೆಯೊಂದಕ್ಕೆ ಅಪ್ಲೈ ಮಾಡಿ, ಎಂಟು ವರ್ಷದ ಹಿಂದೆ, ಆರು ತಿಂಗಳ ಮಟ್ಟಿಗೆ ಅಲ್ಲಿಗೆ ಹೋದೆ. ಒಂದು ಡಾಲರನ್ನೂ ತೆಗೆದುಕೊಳ್ಳದೆ ಪಾಠ ಹೇಳುತ್ತೇನಲ್ಲ ಎಂಬ ಹೆಮ್ಮೆ ಬೇರೆ ಇತ್ತು.

ಮೂರೇ ಕೋಣೆಗಳ ಶಾಲೆ. ಕೋಣೆ ಸಾಲದ ತರಗತಿಗಳು ಮಾವಿನ ಮರದ ಕೆಳಗೆ. ನನಗೆ ವಹಿಸಿದ್ದು ಏಳನೇ ತರಗತಿಯ ಗಣಿತ. ನೂರಕ್ಕೂ ಹೆಚ್ಚು ಮಕ್ಕಳು ನೆಲದ ಮೇಲೆ ಒತ್ತಿಕೊಂಡು ಕೂತಿದ್ದರು, ಒಂದು ಪುಸ್ತಕಕ್ಕೆ ಎಂಟು ತಲೆ ಬಗ್ಗಿದ್ದವು. ಹೆಡ್ಮಿಸ್ಟ್ರೆಸ್ ಸಣಕಲು ದೇಹದ, ನಲವತ್ತರ ಆಸುಪಾಸಿನ ಒಬ್ಬರನ್ನು ಕರೆದು, ಇವರು ನಿಮ್ಮ ಸಹಾಯಕ್ಕಿರುತ್ತಾರೆ ಎಂದರು. ಅವರು ಎಡಗೈಯಿಂದ ತಮ್ಮ ಬಲಗೈಯನ್ನೇ ಹಿಡಿದುಕೊಂಡು ನನ್ನ ಕೈ ಕುಲುಕಿದರು. ಕೈ ನೋವೇ ಎಂದು ಕೇಳಿದೆ. ಹಿರಿಯರಿಗೆ ಅಲ್ಲಿ ಮರ್ಯಾದೆ ತೋರಿಸುವುದು ಹಾಗೆ ಎಂದು ತಿಳಿದದ್ದು ಆಮೇಲೆ.

ಭಿನ್ನರಾಶಿಯಿಂದ ಶುರು ಮಾಡಿದೆ. ಬೋರ್ಡಿನ ಮೇಲೆ ದೊಡ್ಡದೊಂದು ಪಿಜ್ಜಾ ಬರೆದೆ. ಮೂರು ಭಾಗ ಮಾಡಿದೆ, ನಾಲ್ಕು ಭಾಗ ಮಾಡಿದೆ. ನಾನು ಇಂಗ್ಲಿಷಿನಲ್ಲಿ ಹೇಳಿದ್ದನ್ನು ಅವರು ಪಕ್ಕದಲ್ಲಿ ನಿಂತು ಮಕ್ಕಳ ಭಾಷೆಯಲ್ಲಿ ಹೇಳಬೇಕು. ನಾನು ಒಂದು ಮಾತು ಹೇಳಿದರೆ ಅವರು ಹತ್ತು ಮಾತು ಹೇಳುತ್ತಿದ್ದರು. ಮಕ್ಕಳು ನಗುತ್ತಿದ್ದರು. ನನ್ನೊಳಗಿನ ಇನ್‌ಸ್ಪೆಕ್ಟರ್‌ಗೆ ಇದು ಸರಿಬರಲಿಲ್ಲ. ನಾನು ಹೇಳಿದಷ್ಟೇ ಹೇಳಿ, ಸೇರಿಸಬೇಡಿ ಎಂದೆ. “ಆಗಲಿ ಸರ್” ಎಂದರು. ಮರುದಿನವೂ ಹತ್ತೇ ಮಾತು.

ಎರಡನೇ ತಿಂಗಳು ನನಗೆ ಮಲೇರಿಯಾ ಹಿಡಿಯಿತು. “ಸಮಾಜಸೇವೆ ಆಯ್ತಲ್ಲ, ಬಂದ್ಬಿಡಿ ಸುಮ್ನೆ” ಎಂದು ಹೆಂಡತಿ ಫೋನಿನಲ್ಲಿ ಅತ್ತಳು. ಒಂದು ವಾರದ ಮೇಲೆ ತಟ್ಟಾಡಿಕೊಂಡು ಶಾಲೆಗೆ ಹೋದೆ. ಒಳಗಿನಿಂದ ಗದ್ದಲ ಕೇಳಿ ಕಿಟಕಿಯ ಬಳಿಯೇ ನಿಂತೆ. ನನ್ನ ಸಹಾಯಕ್ಕಿದ್ದ ಮೇಷ್ಟ್ರ ಕೈಯಲ್ಲಿ ಒಂದೇ ಉದ್ದದ ಎರಡು ಕಬ್ಬು. ಒಂದನ್ನು ಮೂರು ತುಂಡು ಮಾಡಿ ಮೂವರು ಹುಡುಗಿಯರಿಗೆ ಕೊಟ್ಟರು, ಇನ್ನೊಂದನ್ನು ನಾಲ್ಕು ತುಂಡು ಮಾಡಿ ನಾಲ್ವರು ಹುಡುಗರಿಗೆ. ಹುಡುಗರು ತಮ್ಮ ತುಂಡು ನೋಡಿ ಗಲಾಟೆ ಎಬ್ಬಿಸಿದರು, ಹುಡುಗಿಯರು ತಮ್ಮದನ್ನು ಎತ್ತಿ ತೋರಿಸಿ ಕುಣಿದರು. ಮೂರಕ್ಕಿಂತ ನಾಲ್ಕು ದೊಡ್ಡದು, ಹಾಗಾಗಿ ನಾಲ್ಕರಲ್ಲೊಂದೇ ಮೂರರಲ್ಲೊಂದಕ್ಕಿಂತ ದೊಡ್ಡದು ಎಂದು ನನ್ನ ಪಾಠದಲ್ಲಿ ಆ ಮಕ್ಕಳು ಹಟ ಹಿಡಿದಿದ್ದರು. ನನಗೆ ಮೂರು ವಾರದಲ್ಲಿ ಬಿಡಿಸಲಾಗದ ಗಂಟು ಅದು. ಇಡೀ ಕೋಣೆಯಲ್ಲಿ ಕಬ್ಬಿನ ವಾಸನೆ...

ಹೆಡ್ಮಿಸ್ಟ್ರೆಸ್ ಹತ್ತಿರ ಹೋಗಿ, ಇವರು ತುಂಬ ಚೆನ್ನಾಗಿ ಕಲಿಸುತ್ತಾರಲ್ಲ ಎಂದೆ. ಆಕೆ ಹಾಜರಿ ಪುಸ್ತಕ ಮುಚ್ಚಿಟ್ಟರು.

“ಅದು ಅವರದೇ ಕ್ಲಾಸು ಸರ್. ಎಷ್ಟೋ ವರ್ಷದಿಂದ.”

ಅವರು ಸರ್ಕಾರದ ನೇಮಕದವರಲ್ಲ. ಊರಿನವರೇ ಇಟ್ಟುಕೊಂಡ ಮೇಷ್ಟ್ರು. ಸುಗ್ಗಿಯಾದ ಮೇಲೆ ಮನೆಮನೆಯವರೂ ಕೊಡುವ ಮೆಕ್ಕೆಜೋಳವೇ ಸಂಬಳ. ಅದರಲ್ಲೇ ಹೆಂಡತಿ, ಮೂರು ಮಕ್ಕಳ ಸಂಸಾರ. ಅಮೆರಿಕದಿಂದ ಪುಕ್ಕಟೆ ಮೇಷ್ಟ್ರು ಬಂದಿರುವಾಗ ಈ ಸಲ ಇವರಿಗೇಕೆ ಜೋಳ ಎಂದು ಕೆಲವರು ಕೇಳುತ್ತಿದ್ದರಂತೆ. ಭಾನುವಾರ ಸಭೆ ಸೇರಿ ತೀರ್ಮಾನ ಮಾಡುವವರಿದ್ದರು. ನನ್ನ ಪುಕ್ಕಟೆ ಪಾಠ ಇನ್ನೊಬ್ಬರ ತುತ್ತಿಗೆ ಕಲ್ಲು ಹಾಕಿತ್ತು. ಅಷ್ಟು ನಾಚಿಕೆ ನನಗೆ ಅದಕ್ಕೆ ಮೊದಲೂ ಆಗಿರಲಿಲ್ಲ, ಆಮೇಲೂ ಆಗಿಲ್ಲ.

ಸಂಜೆ ಅವರನ್ನು ಹುಡುಕಿಕೊಂಡು ಹೋದೆ. ಯಾಕೆ ನನಗೆ ಹೇಳಲಿಲ್ಲ ಎಂದು ಕೇಳಿದೆ.

“ಮನೆಗೆ ಬಂದ ಅತಿಥಿಗೆ ಹಾಗೆ ಹೇಳೋಕಾಗತ್ತಾ ಸರ್?”

“ಮತ್ತೆ ದಿನಾ ಹತ್ತು ಮಾತು ಸೇರಿಸ್ತಿದ್ರಲ್ಲ, ಏನದು?”

ಅವರು ತಲೆ ತಗ್ಗಿಸಿದರು. “ಪಿಜ್ಜಾ ಅಂದ್ರೇನು ಅಂತ ಮಕ್ಕಳು ಕೇಳ್ತಿದ್ರು ಸರ್. ನನಗೂ ಗೊತ್ತಿರಲಿಲ್ಲ.”

ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು.

ಭಾನುವಾರ ಮಾವಿನ ಮರದ ಕೆಳಗೆ ಊರು ನೆರೆಯಿತು. ನಾನು ಎದ್ದು ನಿಂತೆ. ನಾನು ಆರು ತಿಂಗಳಿಗೆ ಬಂದವನು, ಇವರು ಇಲ್ಲೇ ಇರುವವರು. ಮಕ್ಕಳಿಗೆ ಇಷ್ಟು ದಿನ ಅರ್ಥವಾದದ್ದೆಲ್ಲ ಇವರು ಹೇಳಿದ್ದು, ನಾನು ಹೇಳಿದ್ದಲ್ಲ. ಇನ್ನು ಮೇಲೆ ಇವರು ಮೇಷ್ಟ್ರು, ನಾನು ಸಹಾಯಕ. ಹೀಗೆ ಉದ್ದಕ್ಕೆ ಹೇಳಿದೆ. ಅದನ್ನು ಊರಿನವರಿಗೆ ಅವರ ಭಾಷೆಯಲ್ಲಿ ತಿಳಿಸಬೇಕಾದವರು ಮೇಷ್ಟ್ರೇ. ಹತ್ತು ಮಾತಿನ ಮನುಷ್ಯ ಆವತ್ತು ಕಾಲ ಹೆಬ್ಬೆರಳಿನಿಂದ ಮಣ್ಣು ಕೆದಕುತ್ತ ಒಂದೇ ಮಾತು ಹೇಳಿ ಕೂತುಬಿಟ್ಟರು. ಜನ ಒಬ್ಬರ ಮುಖ ಒಬ್ಬರು ನೋಡಿದರು. ಕೊನೆಗೆ ಹೆಡ್ಮಿಸ್ಟ್ರೆಸ್ ಎದ್ದು, ನಾನು ಹೇಳಿದ್ದನ್ನೆಲ್ಲ ಒಂದೂ ಬಿಡದೆ ಹೇಳಿದರು. ಹಿಂದಿನ ಸಾಲಿನಿಂದ ಚಪ್ಪಾಳೆ ಶುರುವಾಗಿ ಮುಂದಕ್ಕೆ ಬಂತು. ಆ ವರ್ಷ ಅವರ ಕಣಜ ತುಂಬಿತು.

ಉಳಿದ ನಾಲ್ಕು ತಿಂಗಳು ನನ್ನ ಬದುಕಿನ ನೆಮ್ಮದಿಯ ದಿನಗಳು. ವಾರಕ್ಕೊಮ್ಮೆ ಇದ್ದಿಲು ಅರೆದು, ಸೊಪ್ಪಿನ ರಸ ಸೇರಿಸಿ ಬೋರ್ಡಿಗೆ ಬಳಿಯುತ್ತಿದ್ದೆ. ನೂರು ಮಕ್ಕಳ ಲೆಕ್ಕದ ಪುಸ್ತಕ ತಿದ್ದುತ್ತಿದ್ದೆ. ನನ್ನ ಇನ್‌ಸ್ಪೆಕ್ಟರ್ ಬುದ್ಧಿಗೆ ಕಡೆಗೂ ತಕ್ಕ ಕೆಲಸ ಸಿಕ್ಕಿತ್ತು. ಎಷ್ಟೋ ಸಂಜೆ ಅವರ ಮನೆಯಲ್ಲೇ ಊಟ. ಅವರ ಜೋಳದ ಮುದ್ದೆಯನ್ನು ನಾನು ರಾಗಿಮುದ್ದೆಯ ಹಾಗೆ ಅಗಿಯದೆ ನುಂಗುವುದನ್ನು ನೋಡಲು ಅವರ ಮಕ್ಕಳು ಸಾಲಾಗಿ ಕೂರುತ್ತಿದ್ದವು.

ಅಮೆರಿಕಕ್ಕೆ ಮರಳಿದ ಮೇಲೆ ಇಲ್ಲಿಯ ಕನ್ನಡದವರೆಲ್ಲ ಸೇರಿ ನನಗೆ ಶಾಲು ಹೊದಿಸಿದರು. ಆಫ್ರಿಕಾದ ಮಕ್ಕಳಿಗೆ ಗಣಿತ ಕಲಿಸಿ ಬಂದವರು ಎಂದು ಹೊಗಳಿದರು. ಕಲಿಸಿದ್ದು ನಾನಲ್ಲ ಎಂದು ಮೈಕಿನಲ್ಲಿ ಹೇಳಬಹುದಿತ್ತು. ಹೇಳಲಿಲ್ಲ... ಹಲ್ಲು ಕಿರಿದು ಫೋಟೋಗೆ ನಿಂತೆ. ಈಗ ಬರೆಯುತ್ತಿರುವುದು ಅದಕ್ಕೇ ಎಂದರೂ ಸರಿ.

ಕಳೆದ ಅಕ್ಟೋಬರಿನಲ್ಲಿ ಹೆಡ್ಮಿಸ್ಟ್ರೆಸ್ ವಾಟ್ಸ್ಯಾಪಿನಲ್ಲಿ ಬರೆದರು. ಮೇಷ್ಟ್ರು ಹೋಗಿಬಿಟ್ಟರು. ನಾಲ್ಕು ದಿನದ ಜ್ವರ, ಆಸ್ಪತ್ರೆ ದೂರ. ಏಳನೇ ತರಗತಿಗೆ ಯಾರೂ ಇಲ್ಲ, ನೀವು ಬರುತ್ತೀರಾ ಎಂದು ಊರಿನವರು ಕೇಳುತ್ತಿದ್ದಾರೆ. ಮೇಷ್ಟ್ರು ನನಗಿಂತ ಇಪ್ಪತ್ತು ವರ್ಷಕ್ಕೆ ಚಿಕ್ಕವರು. ಆ ಮೆಸೇಜನ್ನು ಎಷ್ಟು ಸಲ ಓದಿದೆನೋ ಗೊತ್ತಿಲ್ಲ. ಹೆಂಡತಿ ಈ ಸಲ ಅಡ್ಡಿ ಮಾಡಲಿಲ್ಲ. “ಹೋಗೋದಾದ್ರೆ ಹೋಗಿ, ಸೊಳ್ಳೆ ಪರದೆ ಮಾತ್ರ ಮರೀಬೇಡಿ” ಎಂದಳು.

ಎರಡು ದಿನ ಯೋಚಿಸಿ ಉತ್ತರ ಬರೆದೆ. ಮೊದಲು ಅಲ್ಲಿಯವರನ್ನೇ ಒಬ್ಬರನ್ನು ಹುಡುಕಿ. ಅವರಿಗೆ ಸಹಾಯಕ ಬೇಕೆಂದರೆ ನಾನು ಬರುತ್ತೇನೆ.

ಹೋದ ವಾರ ಮರು ಉತ್ತರ ಬಂತು. ಒಬ್ಬಳು ಸಿಕ್ಕಿದ್ದಾಳೆ, ಮೇಷ್ಟ್ರ ಹತ್ತಿರವೇ ಕಲಿತವಳು. ನೂರು ಮಕ್ಕಳ ಎದುರು ನಿಲ್ಲಲು ಹೆದರುತ್ತಿದ್ದಾಳೆ. ಸಹಾಯಕ ಯಾವಾಗ ಬರುತ್ತಾರೆ ಎಂದು ಕೇಳುತ್ತಿದ್ದಾಳೆ.

ಮಾರ್ಚಿಗೆ ಟಿಕೆಟ್ ಮಾಡಿಸಿದ್ದೇನೆ. ಸಂತೋಷವೇ. ಆದರೆ ಮೇಷ್ಟ್ರಿಲ್ಲದ ಆ ಊರು ಹೇಗಿರುತ್ತದೆ ಎಂಬುದು ನನಗೆ ಗೊತ್ತಿಲ್ಲ.